ಮುನ್ನೂರು ದಮ್ಮಿನ ಬ್ಯಾಟರಿ

ಬ್ಯಾಟರಿಗೂ ನೆನಪಿದೆ ಎಂದು ಗೊತ್ತಾದ ವರ್ಷ, ನನಗೆ ತಿಳಿದಂತೆ, ಧಾರವಾಡದಲ್ಲಿ ಮೂರು ಮದುವೆ ಮುರಿದವು. ಅದರಲ್ಲೊಂದು ಮನೆಯ ಸ್ಕೂಟರಿನ ಬ್ಯಾಟರಿ ನಾನು ಕೆಲಸ ಮಾಡುವ ಬ್ಯಾಟರಿ ಪರೀಕ್ಷೆಯ ಲ್ಯಾಬಿಗೇ ಬಂದಿತ್ತು. ಓದಿದವಳು ನಾನೇ. ಆ ಮನೆಯ ಗಂಡ ಹೇಳಿದ ದಾರಿಯಲ್ಲಿ ಏರೇ ಇರಲಿಲ್ಲ. ಬ್ಯಾಟರಿ ಮಾತ್ರ ಒಂದು ಕಡಿದಾದ ಏರು ಹತ್ತಿ ಇಳಿದಿತ್ತು. ವರದಿಗೆ ಸಹಿ ಹಾಕಿ ಮನೆಗೆ ಬಂದು ಅನ್ನಕ್ಕಿಟ್ಟೆ. ಆಗ ನನಗೆ ಅದೊಂದು ಕೆಲಸ, ಅಷ್ಟೆ.

ಸಂಗತಿ ತೀರ ಕಷ್ಟದ್ದಲ್ಲ. ಲಿಥಿಯಂ ಬ್ಯಾಟರಿಯಿಂದ ವಿದ್ಯುತ್ತು ಹೊರಗೆ ಹೋದ ಪ್ರತಿ ಸಲವೂ ಒಳಗಿನ ಕಾರ್ಬನ್ ಪದರದಲ್ಲಿ ಗುರುತು ಉಳಿಯುತ್ತದೆ. ಕೆರೆ ಬತ್ತುತ್ತ ಹೋದಂತೆ ದಂಡೆಯ ಮೇಲೆ ನೀರು ಗೆರೆ ಬಿಟ್ಟು ಇಳಿಯುತ್ತದಲ್ಲ, ಹಾಗೆ. ತಿರುಗಿ ತುಂಬುವಾಗ ನೀರು ಮೊದಲು ಮುಟ್ಟುವುದು ಎಲ್ಲಕ್ಕಿಂತ ಕೆಳಗಿನ, ಕೊನೆಯ ಗೆರೆಯನ್ನು. ಬಹಳ ನಿಧಾನವಾಗಿ, ಒಂದೇ ಸಮನೆ ಚಾರ್ಜ್ ಮಾಡಿದರೆ ಒಂದೊಂದು ಗೆರೆ ದಾಟುವಾಗಲೂ ವೋಲ್ಟೇಜು ಕೂದಲೆಳೆಯಷ್ಟು ಏರಿ ಇಳಿಯುತ್ತದೆ. ಅದನ್ನು ಓದಬಹುದು. ಕೊನೆಯದು ಮೊದಲು, ಮೊದಲಿನದು ಕೊನೆಗೆ. ಓದಿದ್ದು ಅಲ್ಲಿಗೇ ಮುಳುಗಿ ಅಳಿಸಿಹೋಗುತ್ತದೆ. ಎರಡನೆಯ ಸಲ ಎಂಬುದಿಲ್ಲ. ಓದದೆ ಇಟ್ಟರೂ, ಕೊನೆಯ ಸಲ ಬಳಸಿದ ಮೂರು ತಿಂಗಳಿಗೆ ಎಲ್ಲವೂ ತಾನಾಗಿ ಮಾಸುತ್ತದೆ.

ಇದಕ್ಕೆ ನಾವು ಜಾಡು ಎಂದೆವು. ಜನ ಬೇಗ ಕಲಿತರು. ತಾಯಂದಿರು ಮಗಳ ಫೋನಿನ ಬ್ಯಾಟರಿ ಹಿಡಿದು ಬಂದರು, ಮಾಲೀಕರು ಡ್ರೈವರನ ಗಾಡಿಯದು. ಒಂದೇ ವರ್ಷದಲ್ಲಿ ಸುಭಾಷ್ ರಸ್ತೆಯಲ್ಲಿ ‘ಹತ್ತು ನಿಮಿಷದಲ್ಲಿ ಜಾಡು ತೊಳೆದು ಕೊಡಲಾಗುವುದು’ ಎಂಬ ಬೋರ್ಡು ಬಂತು. ಜೋರಾಗಿ ಚಾರ್ಜ್ ಮಾಡಿದರೆ ಗೆರೆಗಳೆಲ್ಲ ಕಲಸಿಹೋಗುತ್ತವೆ, ಅಷ್ಟೇ ಅವರ ವಿದ್ಯೆ. ಅಲ್ಲಿ ಗಂಡಸರೂ ಹೆಂಗಸರೂ ಮುಖ ಬೇರೆ ಕಡೆ ಮಾಡಿ ಸಾಲು ನಿಲ್ಲುತ್ತಿದ್ದರು.

ನನಗಾಗಿಯೇ ಒಂದು ಜಾಡು ಓದಬೇಕು ಎನ್ನುವ ಆಸೆ ಬಂದದ್ದು ಚಂಪಕ್ಕ ಹೋದ ಮೇಲೆ.

ಚಂಪಕ್ಕ ನನ್ನ ಗಂಡನ ಅಕ್ಕ. ಮದುವೆಯಾಗಿರಲಿಲ್ಲ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ಆಗಸ್ಟ್ ಕೊನೆಗೆ ನಿವೃತ್ತಿಯಾದಳು. ಅಂದು ಶಾಲು, ಹಣ್ಣಿನ ಬುಟ್ಟಿ, ಒಂದು ಗಡಿಯಾರ ಹೊತ್ತು ಬಂದವಳು, ಮರುದಿನ ಸಂಜೆ ನನ್ನನ್ನು ಮಾಳಿಗೆಗೆ ಕರೆದು ಬ್ಯಾಗಿನಿಂದ ಇನ್ನೊಂದು ವಸ್ತು ತೆಗೆದಳು. ಬೆರಳುದ್ದದ ಹಳದಿ ಕೊಳವೆ, ಮುನ್ನೂರು ದಮ್ಮು ಬರುತ್ತದೆಂದು ಮೇಲೆ ಅಚ್ಚಾಗಿತ್ತು, ಪ್ಲಾಸ್ಟಿಕ್ಕಿನ ಹೊದಿಕೆ ಇನ್ನೂ ಬಿಚ್ಚಿರಲಿಲ್ಲ.

“ಇದೇನ್ರೀ ಅಕ್ಕಾ?”

“ಇ-ಸಿಗರೇಟು. ಹತ್ತನೇತ್ತೆ ಹುಡುಗನ ಕಂಪಾಸ್ ಪೆಟ್ಟಿಗ್ಯಾಗ ಇತ್ತು. ಕಸಗೊಂಡೆ.”

“ಹೆಡ್‌ಮಾಸ್ತರಿಗೆ ಕೊಡಬೇಕಿತ್ತಲ್ರಿ.”

“ಮೂವತ್ತೆರಡು ವರ್ಷ ಕಸಗೊಂಡಿದ್ದನ್ನೆಲ್ಲ ಅವ್ರಿಗೇ ಕೊಟ್ಟೀನಿ. ಚೆಂಡು, ಲವ್ ಲೆಟರು, ಮೊಬೈಲು. ಕಡೇ ದಿನದ್ದು ನಂದು.” ಹೊದಿಕೆ ಹರಿದು ನನ್ನ ಕಡೆ ನೋಡಿದಳು. “ಏನ್ ನೀಲವ್ವ, ಐವತ್ತೊಂದು ವರ್ಷ ಶಾಣ್ಯಾ ಆಗಿದ್ದು ಸಾಕಾಗಿಲ್ಲೇನು?”

ಮಾವಿನ ಹಣ್ಣಿನ ವಾಸನೆಯ ಹೊಗೆ. ನಾನು ಕೆಮ್ಮಿ ಕೆಮ್ಮಿ ಕಣ್ಣೀರು ಹಾಕಿದೆ. ಅವಳು ನಕ್ಕಳು. ನಾನು ಸೊಸೆಯಾಗಿ ಈ ಮನೆಗೆ ಬಂದು ಇಪ್ಪತ್ತಾರು ವರ್ಷವಾಗಿತ್ತು. ಅಡುಗೆ, ಹಬ್ಬ, ಅತ್ತೆಯವರ ಕೊನೆಯ ಬೇನೆ ಎಲ್ಲವನ್ನೂ ಇಬ್ಬರೂ ಸೇರಿ ಹೊತ್ತಿದ್ದೆವು. ಆದರೆ ಒಂದು ಕೆಲಸವಿಲ್ಲದೆ, ಸುಮ್ಮನೆ, ಪಕ್ಕಪಕ್ಕ ಕೂತದ್ದು ಅದೇ ಮೊದಲು. ಆಮೇಲೆ ದಿನವೂ ಲ್ಯಾಬಿನಿಂದ ಬಂದೊಡನೆ “ಒಣಗಿದ ಅರಿವಿ ತಗೊಂಡ್ ಬರ್ತೀವಿ” ಎಂದು ಇಬ್ಬರೂ ಮೇಲೆ ಹೋಗುತ್ತಿದ್ದೆವು. ನಾಲ್ಕು ಬಟ್ಟೆ ತರಲು ಮುಕ್ಕಾಲು ಗಂಟೆ. ನದಿಗಳು ದಿಕ್ಕು ಬದಲಿಸುವುದನ್ನು ಅವಳು ಹೇಳುತ್ತಿದ್ದಳು. ನಾನು ಯಾರಿಗೂ ಹೇಳದ್ದನ್ನು ಹೇಳುತ್ತಿದ್ದೆ. ನನಗೆ ಮಕ್ಕಳಾಗದ್ದರ ಬಗ್ಗೆ ನಾನೇ ಬಾಯಿಬಿಟ್ಟು ಮಾತಾಡಿದ್ದು ಆ ಮಾಳಿಗೆಯ ಮೇಲೆಯೇ. ಅವಳು ಸಮಾಧಾನ ಹೇಳಲಿಲ್ಲ. ಮುಂದಿನ ದಮ್ಮು ಎಳೆಯುವುದನ್ನು ಮರೆತು ಕೇಳಿದಳು.

ಕಾರ್ತೀಕದಲ್ಲಿ ಪಕ್ಕದ ಮನೆಯ ಸರೋಜಾಬಾಯಿ ಗೋಡೆಯ ಮೇಲಿಂದ ಇಣುಕಿ, “ಈ ದಿನಮಾನದಾಗ ಮಾವಿನ ಹಣ್ಣ ಎಲ್ಲಿ ಸಿಕ್ತ್ರೀ ನಿಮಗ?” ಎಂದು ಕೇಳಿದರು. ನಾನು ಕೊಳವೆಯನ್ನು ಬಟ್ಟೆ ಕ್ಲಿಪ್ಪಿನ ಡಬ್ಬಿಗೆ ತುರುಕಿದೆ. ಚಂಪಕ್ಕ, “ಉಪ್ಪಿನಕಾಯಿ ಭರಣಿ ಒಡೀತ್ರಿ” ಎಂದಳು. ಸರೋಜಾಬಾಯಿ ಅತ್ತ ಹೋದ ಮೇಲೆ ಅವಳು ಬಾಯಿಗೆ ಸೆರಗು ಹಿಡಿದು ನಗತೊಡಗಿದಳು. ನನಗೆ ಸಿಟ್ಟು ಬಂತು.

“ನಿಮಗೇನ್ರಿ ನಗ್ತೀರಿ. ಗಂಡ ಇಲ್ಲ, ಸಂಸಾರ ಇಲ್ಲ. ನಾಳೆ ಊರೆಲ್ಲ ಆಡಿಕೊಂಡ್ರ ತಲಿ ತಗ್ಗಿಸಾಕಿ ನಾನು.”

ನಗು ನಿಂತಿತು. ಅವಳು ಎದ್ದು ಹಗ್ಗದ ಮೇಲಿನ ಬಟ್ಟೆಗಳನ್ನು ಒಂದೊಂದಾಗಿ ಮಡಚಿದಳು. ನನ್ನ ಸೀರೆಯನ್ನೂ ಮಡಚಿದಳು.

ಮರುದಿನ ನಾನು ಬೇಕೆಂದೇ ಲ್ಯಾಬಿನಲ್ಲಿ ತಡಮಾಡಿದೆ. ಬಂದಾಗ ಅವಳು ಟಿವಿಯ ಮುಂದೆ ಕೂತಿದ್ದಳು. “ರೊಟ್ಟಿ ಮುಚ್ಚಿಟ್ಟೀನಿ, ಉಣ್ಣು” ಎಂದಳು. ಬೆಳಗ್ಗೆ ಏಳಲಿಲ್ಲ. ನಿದ್ದೆಯಲ್ಲೇ ಹೃದಯ ನಿಂತಿದೆ ಎಂದರು ಡಾಕ್ಟರು.

ಶಿವಗಣಾರಾಧನೆ ಮುಗಿದ ಮರುದಿನ ಮಾಳಿಗೆಗೆ ಹೋದೆ. ಬಟ್ಟೆ ಕ್ಲಿಪ್ಪಿನ ಡಬ್ಬಿಯಲ್ಲಿ, ನಾವು ಯಾವಾಗಲೂ ಇಡುವಲ್ಲಿ, ಅದು ಇತ್ತು. ಮನೆಯ ಕಸಕ್ಕೆ ಹಾಕುವಂತಿಲ್ಲ. ಹಳೆಯ ಬ್ಯಾಟರಿ ಮುಳುಗಿಸುವ ಲ್ಯಾಬಿನ ಉಪ್ಪುನೀರಿನ ಡ್ರಮ್ಮಿಗೆ ಹಾಕಿದರಾಯಿತೆಂದು ಪರ್ಸಿನಲ್ಲಿಟ್ಟುಕೊಂಡು ಹೋದೆ.

ನಮ್ಮ ಲ್ಯಾಬಿನಲ್ಲಿ ಒಂದು ರೂಢಿಯಿದೆ. ಯಾರದೆಂದು ಗೊತ್ತಿಲ್ಲದ ಬ್ಯಾಟರಿ ಕೈಗೆ ಬಂದರೆ ಮೊದಲು ಖಾಲಿ ಮಾಡಬೇಕು. ಒಳಗೆ ಅಷ್ಟಿಷ್ಟು ಉಳಿದಿದ್ದು ಎಲ್ಲೋ ತಾಗಿದರೆ ಬೆಂಕಿ. ಹದಿನೆಂಟು ವರ್ಷದ ರೂಢಿ, ಮನಸ್ಸನ್ನು ಕೇಳುವುದಿಲ್ಲ. ಕೊಳವೆ ಬಿಚ್ಚಿದೆ, ಕಿರುಬೆರಳಿನಂಥ ಬ್ಯಾಟರಿ ಹೊರಗೆಳೆದೆ, ಎರಡು ತುದಿಗೂ ರೆಸಿಸ್ಟರಿನ ಕ್ಲಿಪ್ಪು ಹಾಕಿದೆ, ರಿಜಿಸ್ಟರ್ ತೆಗೆದೆ.

ಪಕ್ಕದ ಮೇಜಿನ ತಬಸ್ಸುಮ್, ನಮ್ಮ ಲ್ಯಾಬಿನ ಎಂಜಿನಿಯರ್, ತಲೆ ಎತ್ತಿ, “ಯಾರದ್ರೀ ಮ್ಯಾಡಮ್ ಅದು?” ಎಂದು ಕೇಳಿದಳು.

‘ಚಂಪಕ್ಕನದು’ ಎಂದು ಹೇಳಲು ಬಾಯಿ ತೆರೆದೆ. ಅವಳ ಜಾಡು ಅದರಲ್ಲಿದೆ ಎಂದು ಆಗ ಹೊಳೆದು ಕ್ಲಿಪ್ಪು ಕಿತ್ತೆಸೆದೆ. ಅಷ್ಟರಲ್ಲಿ ಹನ್ನೆರಡು ನಿಮಿಷವಾಗಿತ್ತು.

ತಬಸ್ಸುಮ್ ಮೀಟರು ಹಿಡಿದು ನೋಡಿದಳು. “ಎರಡು ಪಾಯಿಂಟ್ ಏಳು ವೋಲ್ಟು. ಪೂರ್ತಿ ಸತ್ತಿಲ್ಲ ಬಿಡ್ರಿ. ಇನ್ನ ಕೆಳಗ ಇಳಿದಿದ್ರ ಒಳಗಿನ ತಾಮ್ರ ಕರಗಿ, ಚಾರ್ಜ್ ಮಾಡಾಕ ಹೋದ್ರ ಉರೀತಿತ್ತು.”

“ಜಾಡು?”

“ನೀವು ಇಳಿಸಿದ್ದು ತಳದಾಗೊಂದು ಪದರಾಗಿ ಕೂತಿರ್ತದ. ಅದರ ಮ್ಯಾಲಿನ ಕಡೇ ಗೆರಿ ಉಳದಾವೋ, ಕಲಸಿಹೋಗ್ಯಾವೋ, ಓದಿದ್ರನ ಗೊತ್ತು.” ಮೀಟರು ಕೆಳಗಿಟ್ಟು ಕೇಳಿದಳು, “ಏನ್ ನೋಡಬೇಕಾಗಿತ್ರಿ?”

ನಾನು ಹೇಳಿದೆ. ಆ ಕೊಳವೆಯ ತಂತಿ ಉಸಿರು ಜೋರಾದಷ್ಟೂ ಜಾಸ್ತಿ ಕಾಯುವ ಜಾತಿಯದು. ಆದ್ದರಿಂದ ಬ್ಯಾಟರಿಯಿಂದ ಹೋದ ವಿದ್ಯುತ್ತು ಎಳೆದವರ ಉಸಿರಿನದೇ ಅಚ್ಚು. ಕೊನೆಯ ಸಂಜೆ ಅವಳು ಮೇಲೆ ಹೋಗಿದ್ದಳೇ? ನನ್ನ ಮಾತು ಕೇಳಿ ಅದನ್ನು ಮುಟ್ಟುವುದನ್ನೇ ಬಿಟ್ಟಿದ್ದಳೇ? ನನಗೆ ಅಷ್ಟು ತಿಳಿದರೆ ಸಾಕಿತ್ತು. ಬೇಸರದಲ್ಲಿ ಹೋದಳೋ ಇಲ್ಲವೋ ಎಂಬುದನ್ನು ಕೇಳಲು ಲೋಕದಲ್ಲಿ ಬೇರೆ ಯಾರೂ ಉಳಿದಿರಲಿಲ್ಲ.

ಲ್ಯಾಬಿನ ಯಂತ್ರಕ್ಕೆ ಇಷ್ಟು ಸಣ್ಣ ಬ್ಯಾಟರಿ ಆಗುವುದಿಲ್ಲ. ಅದರ ಅತಿ ಕಡಿಮೆ ಕರೆಂಟೂ ಇದಕ್ಕೆ ಪ್ರವಾಹ. ಆಗಿದ್ದರೂ ಓದಿದ್ದೆಲ್ಲ ನಂಬರು ಹೊತ್ತು ಕಡತಕ್ಕೆ ಹೋಗುತ್ತದೆ, ಇಬ್ಬರು ಸಹಿ ಹಾಕಬೇಕು. ಚಂಪಕ್ಕನ ಉಸಿರಿಗೆ ನಂಬರು ಹಚ್ಚಲು ನನಗೆ ಮನಸ್ಸಾಗಲಿಲ್ಲ.

“ಮನ್ಯಾಗ ಚಾರ್ಜರ್ ಕಟ್ರಿ,” ಎಂದಳು ತಬಸ್ಸುಮ್, ದನಿ ತಗ್ಗಿಸಿ. “ಆದ್ರ ಅವಸರ ಮಾಡಬ್ಯಾಡ್ರಿ. ಅವಸರ ಮಾಡಿದ್ರ ಅಕ್ಕಾರೂ ಹೋಗ್ತಾರ, ಮನಿನೂ ಹೋಗ್ತದ.”

ಚಾರ್ಜರ್ ಕಟ್ಟಲು ನನಗೆ ಐದು ವಾರ ಹಿಡಿಯಿತು. ಹಳೆಯ ಫೋನಿನ ಐದು ವೋಲ್ಟಿನ ಪ್ಲಗ್ಗು. ಅದರ ಮುಂದೆ ಲಿಥಿಯಂ ಚಾರ್ಜ್ ಮಾಡುವ ಉಗುರಗಲದ ಬೋರ್ಡು. ಅದರ ಮೇಲಿನ ಒಂದು ರೆಸಿಸ್ಟರ್ ಕಿತ್ತು, ದೊಡ್ಡದು ಬೆಸೆದು, ಕರೆಂಟನ್ನು ಮೂವತ್ತು ಮಿಲಿಆಂಪಿಯರಿಗೆ ಇಳಿಸಿದೆ. ಬ್ಯಾಟರಿಯ ಶಕ್ತಿಯ ಹತ್ತರಲ್ಲೊಂದು ಪಾಲು. ನಾಲ್ಕು ಪಾಯಿಂಟ್ ಎರಡು ವೋಲ್ಟು ಮುಟ್ಟಿದರೆ ಅದು ತಾನಾಗಿ ನಿಲ್ಲಬೇಕು, ಒಂದು ಎಳೆಯೂ ಮೇಲೆ ಹೋಗಕೂಡದು. ಬ್ಯಾಟರಿಯ ಬೆನ್ನಿಗೆ ಶಾಖ ನೋಡುವ ಸಣ್ಣ ಮಣಿ ಅಂಟಿಸಬೇಕು, ನಲವತ್ತು ಡಿಗ್ರಿಗೆ ಎಲ್ಲ ಕಡಿಯಬೇಕು. ಏರಿಳಿತ ತೋರಿಸಲು ಗುಜರಿಯಿಂದ ಒಂದು ಮುಳ್ಳಿನ ಮೀಟರು ತಂದೆ. ಪರದೆಯ ಮೇಲಿನ ಅಂಕಿ ನನಗೆ ಬೇಕಿರಲಿಲ್ಲ.

ಕಸದ ಡಬ್ಬಿಯಿಂದ ಅಂಥದೇ ಮೂರು ಬ್ಯಾಟರಿ ತಂದು ಮೊದಲು ಅವುಗಳ ಮೇಲೆ ಪರೀಕ್ಷೆ ಮಾಡಿದೆ. ಎರಡನೆಯದು ಅರ್ಧ ತಾಸಿಗೇ ಬಿಸಿಯಾಯಿತು. ಟಕ್ ಎಂದು ಕಡಿಯಿತು. ಕಡಿದದ್ದಕ್ಕೆ ಖುಷಿಪಡಬೇಕಿತ್ತು. ನಾನು ಅಡುಗೆಮನೆಯ ಕಟ್ಟೆಗೆ ಒರಗಿ, ಅದು ಚಂಪಕ್ಕನದೇ ಆಗಿದ್ದರೆ ಎಂದುಕೊಂಡೆ.

ಜನವರಿಯ ಒಂದು ಭಾನುವಾರ ಬೆಳಗಿನ ಆರಕ್ಕೆ ಮಾಳಿಗೆಯ ನೆರಳಿನ ಮೂಲೆಯಲ್ಲಿ ಮಣ್ಣಿನ ಕುಡಿಕೆಯಿಟ್ಟು, ಅರ್ಧ ಉಸುಕು ತುಂಬಿ, ಅದರಲ್ಲಿ ಬ್ಯಾಟರಿ ಮಲಗಿಸಿದೆ. ಬೆಂಕಿ ಹತ್ತಿದರೆ ಮೇಲೆ ಸುರಿಯಲು ಇನ್ನೊಂದು ಬುಟ್ಟಿ ಉಸುಕು ಪಕ್ಕದಲ್ಲಿತ್ತು. ಸ್ವಿಚ್ಚು ಹಾಕಿದೆ.

ಮುಳ್ಳು ಅಲುಗಲಿಲ್ಲ. ಮೊದಲು ಬರಬೇಕಾದದ್ದು ನನ್ನದೇ ತಪ್ಪು, ಆ ಹನ್ನೆರಡು ನಿಮಿಷ. ಅರ್ಧ ಗಂಟೆ ನುಣ್ಣಗೆ, ಒಂದೇ ಸಮನೆ, ಏನೂ ಇಲ್ಲದೆ ಕಳೆಯಿತು. ಮುಕ್ಕಾಲು ಗಂಟೆಯಾಯಿತು. ಕೊನೆಯ ಸಂಜೆ ಇದರಲ್ಲೇ ಕಲಸಿಹೋಗಿದೆ ಎಂದು ಮನಸ್ಸು ಹೇಳತೊಡಗಿತು.

ಆಗ ಮುಳ್ಳು ಎದ್ದಿತು.

ಈ ವೇಗದಲ್ಲಿ ಒಂದು ದಮ್ಮಿಗೆ ಎರಡು ನಿಮಿಷ. ಮುಳ್ಳು ನಿಧಾನ ಏರಿತು, ಮೇಲೆ ತುಸು ನಿಂತಿತು, ಅಷ್ಟೇ ನಿಧಾನ ಇಳಿಯಿತು. ಉದ್ದ, ಸಮ, ಎಲ್ಲೂ ತೊಡರಿಲ್ಲ. ತರಗತಿಯ ಕೊನೆಯ ಬೆಂಚಿಗೂ ಕೇಳುವಂತೆ ಮೂವತ್ತೆರಡು ವರ್ಷ ಮಾತಾಡಿದವಳ ಎದೆ. ಮತ್ತೆ ಏರಿತು, ಇಳಿಯಿತು. ನನಗೆ ಗೊತ್ತಾಗುವ ಮೊದಲೇ ನನ್ನ ಉಸಿರು ಅದರ ಜೊತೆ ಕಟ್ಟಿತ್ತು. ಅವಳು ಬಂದಿದ್ದಳು. ಆ ಸಂಜೆ ಮೇಲೆ ಬಂದಿದ್ದಳು.

ಆಮೇಲೆ ಮುಳ್ಳು ಸತ್ತಂತೆ ಬಿತ್ತು. ಒಂದು ನಿಮಿಷ, ಎರಡು, ಮೂರು. ತಂತಿ ಬಿಟ್ಟಿರಬೇಕೆಂದು ಬೆಸುಗೆಗಳನ್ನು ಒಂದೊಂದೇ ಒತ್ತಿ ನೋಡಿದೆ. ನಾಲ್ಕನೆಯ ನಿಮಿಷ ಮುಗಿದೊಡನೆ ಅದು ತಾನಾಗಿ ಎದ್ದಿತು. ಎರಡು ಉದ್ದ ದಮ್ಮು. ಮತ್ತೆ ನಾಲ್ಕು ನಿಮಿಷ ಸಪಾಟು.

“ಕೆಟ್ಟೈತೇನು?”

ಹಿಂದೆ ನನ್ನ ಗಂಡ ರುದ್ರೇಶ ಚಹಾದ ಎರಡು ಲೋಟ ಹಿಡಿದು ನಿಂತಿದ್ದರು. ಐದು ವಾರ ಅಡುಗೆಮನೆಯಲ್ಲಿ ನಾನು ಬೆಸೆಯುವುದನ್ನು ನೋಡಿಯೂ ಏನೂ ಕೇಳಿರಲಿಲ್ಲ.

“ಕೆಟ್ಟಿಲ್ರಿ. ಏನಂತ ತಿಳೀವಲ್ದು.”

“ಏನಿದು?”

“ನಿಮ್ಮ ಅಕ್ಕ.”

ಅವರು ಲೋಟಗಳನ್ನು ಗೋಡೆಯ ಮೇಲಿಟ್ಟರು. ನಾನು ಹೇಳಿದೆ, ಕಂಪಾಸ್ ಪೆಟ್ಟಿಗೆಯಿಂದ ಹಿಡಿದು ಎಲ್ಲವನ್ನೂ. ಸರೋಜಾಬಾಯಿಯ ಪ್ರಶ್ನೆಯನ್ನೂ ಹೇಳಿದೆ. ನಾನು ಆಡಿದ ಮಾತನ್ನೂ ಆಡಿದಂತೆಯೇ ಹೇಳಿದೆ. ಗಂಡ ಇಲ್ಲ, ಸಂಸಾರ ಇಲ್ಲ. ಅವರು ನನ್ನ ಮುಖ ನೋಡಲಿಲ್ಲ, ಮೀಟರು ನೋಡುತ್ತಿದ್ದರು. ಅಷ್ಟರಲ್ಲಿ ಮತ್ತೆ ಎರಡು ದಮ್ಮು ಬಂದು ಹೋಗಿ, ಮುಳ್ಳು ಒಮ್ಮೆ ಚಕ್ಕನೆ ಕೆಳಗೆ ಕುಟುಕಿತು. ರಾತ್ರಿಯಂಥ ಉದ್ದದ ಬಿಡುವು ಹಾಗೆ ಒಂದು ಕುಟುಕಾಗಿಯಷ್ಟೇ ಉಳಿಯುತ್ತದೆ. ಒಂದು ರಾತ್ರಿ ದಾಟಿತ್ತು. ಅದರ ಆಚೆ ನಾವು ಜಗಳಾಡಿದ ಸಂಜೆ.

ಮುಳ್ಳು ಎದ್ದಿತು. ಗಿಡ್ಡ ಏರು, ನಡುವೆ ಒಂದು ಜಗ್ಗು, ಅರ್ಧಕ್ಕೇ ಇಳಿತ.

“ಅಕ್ಕಗ ಯಾಕ ಹಿಂಗಾತು?” ಎಂದರು ಅವರು, ಗಾಬರಿಯಿಂದ.

“ಅದು ಅಕ್ಕ ಅಲ್ರಿ. ನಾನು. ನಂಗ ಕಡೀತನಕ ಎಳೆಯಾಕ ಬರ್ಲೇ ಇಲ್ಲ, ಕೆಮ್ಮು ಬರ್ತಿತ್ತು.”

ಇನ್ನೊಂದು ಗಿಡ್ಡ ದಮ್ಮು. ಎರಡೂ ಸೇರಿ ನಾಲ್ಕು ನಿಮಿಷ. ಅದರ ಹಿಂದೆಯೇ ಚಂಪಕ್ಕನ ಎರಡು.

ನಮ್ಮ ಪದ್ಧತಿ ಹಾಗಿತ್ತು. ಅವಳು ಎರಡು ಎಳೆದು ನನಗೆ ಕೊಡುವುದು, ನಾನು ಎರಡು ಎಳೆದು ತಿರುಗಿ ಕೊಡುವುದು. ಯಾರೂ ಮಾತಾಡಿಕೊಂಡು ಮಾಡಿದ್ದಲ್ಲ. ಶಾಲೆಯ ನಲ್ಲಿಯ ಮುಂದೆ ಮಕ್ಕಳನ್ನು ಸಾಲು ನಿಲ್ಲಿಸಿದವಳು ಪಾಳಿ ತಪ್ಪಿಸುತ್ತಿರಲಿಲ್ಲ.

ನನಗೆ ಅರ್ಥವಾಗಿಬಿಟ್ಟಿತು. ನಾನು ಎದ್ದು ನಿಂತೆ, ಎಲ್ಲಿ ಹೋಗಬೇಕೆಂದು ತಿಳಿಯದೆ ಮತ್ತೆ ಕೂತೆ.

“ಏನಾತು?”

“ಅವತ್ತಿನ ಸಪಾಟು, ತಂತಿ ಬಿಟ್ಟಿದ್ದಲ್ರಿ. ಅದು ನನ್ನ ಪಾಳಿ. ನಾ ಬರ್ಲಿಲ್ಲ. ಆಕಿ ತನ್ನೆರಡು ಎಳದು, ನನ್ನೆರಡು ದಮ್ಮಿನಷ್ಟ ಹೊತ್ತು ಕೂತಾಳ. ಮತ್ತ ಎಳದು, ಮತ್ತ ಕೂತಾಳ.”

ಚಹಾದ ಮೇಲೆ ಕೆನೆ ಕಟ್ಟಿತು. ಅವರು ಬೈಯಲಿ ಎಂದು ಕಾದೆ. ಬೈಗಳ ಮೇಲೆ ನನಗೆ ಹಕ್ಕಿದೆ ಎನಿಸುತ್ತಿತ್ತು.

“ನಂಗ ವಾಸನಿ ಬರ್ತಿತ್ತು,” ಎಂದರು ಕೊನೆಗೆ. “ಅಕ್ಕ ನಗೋದೂ ಕೇಳಿಸ್ತಿತ್ತು. ನಮ್ಮಪ್ಪ ತೀರಿಕೊಂಡಾಗ ಆಕಿಗೆ ಹತ್ತೊಂಬತ್ತು ವರ್ಷ. ಅಲ್ಲಿಂದ ಆಕಿ ಹಂಗ ನಕ್ಕಿದ್ದು ನಾ ಕೇಳಿರ್ಲಿಲ್ಲ. ನಾ ಮ್ಯಾಲೆ ಬಂದ್ರ ನಿಲ್ಲಿಸ್ತಾಳಂತ ಬರ್ತಿದ್ದಿಲ್ಲ.”

ನನಗೆ ಬೇಕಾದ ಉತ್ತರ ಸಿಕ್ಕಿತ್ತು. ಅದು ನಾನಂದುಕೊಂಡಂತೆ ಎದೆ ಹಗುರ ಮಾಡಲಿಲ್ಲ. ಬೇಸರಪಟ್ಟು ಹೋಗಿದ್ದರೆ ಅವಳ ಬೇಸರವನ್ನು ಹಿಡಿದುಕೊಂಡು ಬದುಕಬಹುದಿತ್ತು. ಕಾಯುತ್ತ ಕೂತವಳನ್ನು ಏನು ಮಾಡಲಿ?

ಸ್ವಿಚ್ಚಿನ ಮೇಲೆ ಬೆರಳಿಟ್ಟು ಕೇಳಿದೆ, “ಇಲ್ಲಿಗೆ ನಿಲ್ಲಿಸ್ಲೇನ್ರಿ? ಮಿಕ್ಕಿದ್ದು ಒಳಗ ಉಳೀತದ. ಫೆಬ್ರವರಿ ತನಕ.”

“ಆಮ್ಯಾಲೆ?”

“ಮಾಸಿಹೋಗ್ತದ.”

“ಯಾರೂ ನೋಡದ?” ಅವರು ಚಾಪೆ ಎಳೆದುಕೊಂಡು ಪಕ್ಕದಲ್ಲಿ ಕೂತರು. “ಬ್ಯಾಡ. ನಡೀಲಿ.”

ಇಡೀ ದಿನ ಕೂತೆವು. ಬಿಸಿಲು ಸರಿದಂತೆ ಕುಡಿಕೆಯನ್ನು ನೆರಳಿಗೆ ಸರಿಸಿದೆವು. ಗಂಟೆಗೊಮ್ಮೆ ಶಾಖ ನೋಡಿದೆ, ಮೂವತ್ತೊಂದು ದಾಟಲಿಲ್ಲ. ಮಧ್ಯಾಹ್ನ ಅವರೇ ಕೆಳಗೆ ಹೋಗಿ ಮಂಡಕ್ಕಿ ಒಗ್ಗರಣೆ ಮಾಡಿ ತಂದರು. ಆ ಹೊತ್ತಿಗೆ ಅವರಿಗೂ ಉಸಿರಿನ ಗುರುತು ಹತ್ತಿತ್ತು. “ಇದು ನೀ. ಇದು ಅಕ್ಕ. ಮತ್ತ ಅಕ್ಕ.” ಒಂದು ಕಡೆ ಚಂಪಕ್ಕನ ದಮ್ಮು ಮೇಲೇರಿ ಅಲ್ಲೇ ಪುಟ್ಟಪುಟ್ಟದಾಗಿ ಅದುರಿತು. “ಇದ್ಯಾಕ?” ಎಂದರು. “ನಗು ತಡಕೊಂಡಾಳ್ರಿ,” ಎಂದೆ. ಇನ್ನೊಂದು ಕಡೆ ನನ್ನೆರಡರ ಪಕ್ಕ ಅವಳದು ಒಂದೇ ಇತ್ತು. ನಾನು ಮಕ್ಕಳ ವಿಷಯ ಹೇಳಿದ ಸಂಜೆ. ಅದನ್ನು ಅವರಿಗೆ ವಿವರಿಸಲಿಲ್ಲ. ಅವರು ಎಣಿಸಿ, ಒಂದು ಕಮ್ಮಿ ಇದೆ ಎಂದು ತಿಳಿದೂ, ಕೇಳಲಿಲ್ಲ.

ದಿನಗಳು ಹಿಂದೆ ಹಿಂದೆ ಹೋದವು. ಕಾರ್ತೀಕದಿಂದ ದಸರೆಗೆ, ದಸರೆಯಿಂದ ಗಣೇಶನ ಹಬ್ಬಕ್ಕೆ. ಹಿಂದೆ ಹೋದಷ್ಟೂ ನನ್ನ ದಮ್ಮುಗಳು ಇನ್ನೂ ಗಿಡ್ಡವಾದವು, ಇನ್ನೂ ಅಂಜಿದವು. ಅವಳವು ಮಾತ್ರ ಹಾಗೇ ಇದ್ದವು. ಸಂಜೆ ಆರೂವರೆಗೆ, ಗೋಡೆಯ ಆಚೆ ಸರೋಜಾಬಾಯಿ ಬಟ್ಟೆ ತೆಗೆದುಕೊಂಡು ನಮ್ಮಿಬ್ಬರನ್ನೂ ಕುಡಿಕೆಯನ್ನೂ ಎರಡೆರಡು ಸಲ ನೋಡಿ ಇಳಿದು ಹೋದ ಮೇಲೆ, ನಾನು ಮೊದಲ ದಿನ ಕೆಮ್ಮಿದ್ದು ಬಂತು. ಮುಳ್ಳು ಹುಚ್ಚು ಹಿಡಿದಂತೆ ಬಡಿದಾಡಿತು. ರುದ್ರೇಶ ಜೋರಾಗಿ ನಕ್ಕರು, ನಕ್ಕವರು ಮೂಗು ಒರೆಸಿಕೊಂಡರು.

ಅದರ ಹಿಂದೆ ಚಂಪಕ್ಕನ ಎರಡು. ಕೊನೆಯದು, ಅಂದರೆ ಎಲ್ಲಕ್ಕಿಂತ ಮೊದಲಿನದು, ಅವಳಂತಿರಲಿಲ್ಲ. ಬಹಳ ಮೆಲ್ಲಗೆ, ಇಷ್ಟಿಷ್ಟೇ, ಏನಾಗುತ್ತದೋ ಎಂದು ಮುಟ್ಟಿ ನೋಡಿದಂತೆ ಏರಿತು. ನನ್ನೆದುರು ಅಷ್ಟು ಧೈರ್ಯದಿಂದ ಹೊದಿಕೆ ಹರಿದವಳು ಒಳಗೆ ಅಂಜಿದ್ದಳು. ಅದು ನನಗೆ ತಿಳಿದಿರಲೇ ಇಲ್ಲ. ಆ ಎರಡು ನಿಮಿಷ ನಾನು ಮೀಟರಿನ ಗಾಜಿನ ಮೇಲೆ ಕೈಯಿಟ್ಟುಕೊಂಡಿದ್ದೆ.

ಮುಳ್ಳು ಇಳಿದು ಸೊನ್ನೆಯಲ್ಲಿ ನಿಂತಿತು. ನಾಲ್ಕು ಪಾಯಿಂಟ್ ಎರಡು ವೋಲ್ಟು. ಬೋರ್ಡಿನ ಕೆಂಪು ದೀಪ ಆರಿ ಹಸಿರು ಹತ್ತಿತು. ಬ್ಯಾಟರಿ ಪೂರ್ತಿ ತುಂಬಿತ್ತು, ಅವಳು ಹೊದಿಕೆ ಹರಿದ ಗಳಿಗೆಯಲ್ಲಿ ಇದ್ದಂತೆಯೇ.

“ಮುಗೀತೇನು?” ಎಂದರು ಅವರು.

“ಇಲ್ರಿ,” ಎಂದೆ. “ಇನ್ನ ಚಾಲೂನ ಆಗಿಲ್ಲ.”